ಪಾಪಶಂಕೆಯ ಕತ್ತಲೆಯಿಂದ ಭರವಸೆಯ ಬೆಳಕಿಗೆ: ಬಾಲೆ ತೆರೇಸಾಳ ಒಂದೂವರೆ ವರ್ಷ

ಅಕ್ಟೋಬರ್ ತಿಂಗಳ ಮೊದಲ ದಿನ ಧರ್ಮಸಭೆಯು ಲಿಸ್ಯೂವಿನ ಸಂತ ತೆರೇಸಾರ ಹಬ್ಬವನ್ನು ಆಚರಿಸುತ್ತದೆ. ಶಿಲುಬೆಯನ್ನೂ ಗುಲಾಬಿ ಹೂಗಳನ್ನೂ ಎದೆಗಪ್ಪಿಕೊಂಡು ನಿಂತ ಈ ಕಾರ್ಮೆಲ್ ಕನ್ಯಾಸ್ತ್ರೀಯ ಚಿತ್ರವನ್ನು ನಮ್ಮಲ್ಲಿ ಕಾಣದವರು ವಿರಳ. ಲಿಟ್ಲ್ ಫ್ಲವರ್ ಎಂದು ನಾವು ಅಕ್ಕರೆಯಿಂದ ಕರೆಯುವ ಈ ಸಂತರ ಪ್ರಾರ್ಥನೆ, ತ್ಯಾಗ ಹಾಗೂ ಕಿರುಹಾದಿಯನ್ನು ಕುರಿತು ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ಆದರೆ ಹದಿನಾಲ್ಕು ತುಂಬುವುದಕ್ಕೆ ಮೊದಲು, ಸುಮಾರು ಒಂದೂವರೆ ವರ್ಷ ಕಾಲ, ಆಕೆ ಅನುಭವಿಸಿದ ಮನೋವೇದನೆಯ ಬಗ್ಗೆ ನಾವು ಮಾತನಾಡುವುದು ಕಡಿಮೆ. ಅಂತಹುದೇ ವೇದನೆಯಲ್ಲಿ ಯಾರಿಗೂ ಹೇಳಲಾರದೆ ಬೇಯುತ್ತಿರುವ ಮಗುವೊಂದು ನಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇರಬಹುದು. ಆದುದರಿಂದ ಈ ವಾರ ಸಂತರ ಬಾಳಿನ ಆ ಅಧ್ಯಾಯವನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ತಾಯಿಯಿಲ್ಲದ ಮನೆ

ಫ್ರಾನ್ಸ್ ದೇಶದ ಅಲೆನ್ಸೋನ್ ಪಟ್ಟಣದಲ್ಲಿ 1873ರ ಜನವರಿ 2ರಂದು ತೆರೇಸಾ ಜನಿಸಿದಳು. ತಂದೆ ಲೂಯಿ ಮಾರ್ತಿನ್ ಗಡಿಯಾರದ ಕೆಲಸಗಾರರು. ತಾಯಿ ಜೆಲಿ ಆ ಊರಿಗೆ ಹೆಸರು ತಂದ ಕಸೂತಿ ಲೇಸಿನ ಉದ್ಯಮ ನಡೆಸುತ್ತಿದ್ದವರು. ದಂಪತಿಗಳಿಗೆ ಹುಟ್ಟಿದ ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಉಳಿದವರು ಐವರು ಹೆಣ್ಣುಮಕ್ಕಳು: ಮೇರಿ, ಪೊಲೀನ್, ಲಿಯೋನಿ, ಸೆಲೀನ್ ಮತ್ತು ಎಲ್ಲರಿಗಿಂತ ಕಿರಿಯಳಾದ ತೆರೇಸಾ.

ತೆರೇಸಾಳಿಗೆ ನಾಲ್ಕೂವರೆ ವರ್ಷವಾಗಿದ್ದಾಗ, 1877ರ ಆಗಸ್ಟ್ 28ರಂದು, ತಾಯಿ ಸ್ತನದ ಕ್ಯಾನ್ಸರಿನಿಂದ ನಿಧನರಾದರು. ನಗುನಗುತ್ತಿದ್ದ ಮಗು ಅಂದಿನಿಂದ ಅಳುಬುರುಕಿಯೂ ನಾಚಿಕೆಯ ಸ್ವಭಾವದವಳೂ ಆದಳು. ಅದೇ ವರ್ಷ ನವೆಂಬರಿನಲ್ಲಿ ಕುಟುಂಬವು ಸೋದರಮಾವ ಇಸಿದೋರ್ ಗೆರಿನ್ ಔಷಧಿ ಅಂಗಡಿ ಇಟ್ಟುಕೊಂಡಿದ್ದ ಲಿಸ್ಯೂ ಪಟ್ಟಣಕ್ಕೆ ಬಂದು ನೆಲೆಸಿತು. ಎರಡನೆಯ ಅಕ್ಕ ಪೊಲೀನಳನ್ನೇ ತೆರೇಸಾ ತಾಯಿಯೆಂದು ಆರಿಸಿಕೊಂಡಳು. 1882ರ ಅಕ್ಟೋಬರಿನಲ್ಲಿ ಪೊಲೀನ್ ಕಾರ್ಮೆಲ್ ಮಠವನ್ನು ಸೇರಿದಾಗ ಒಂಬತ್ತು ವರ್ಷದ ಹುಡುಗಿ ಎರಡನೆಯ ಬಾರಿ ತಬ್ಬಲಿಯಾದಳು.

ಮರುವರ್ಷ ಪಾಸ್ಕ ಹಬ್ಬದ ಹೊತ್ತಿಗೆ ಆಕೆಗೆ ವಿಚಿತ್ರವಾದ ಕಾಯಿಲೆಯೊಂದು ತಗಲಿತು. ನಡುಕ, ಭಯ, ಅರ್ಥವಿಲ್ಲದ ಮಾತು. ಮನೆಯವರು ಮಗು ಉಳಿಯುವುದೋ ಇಲ್ಲವೋ ಎಂದು ಕಂಗಾಲಾದರು. 1883ರ ಮೇ 13, ಪೆಂತೆಕೋಸ್ತ ಹಬ್ಬದ ದಿನ, ಅಕ್ಕಂದಿರು ಮಾತೆ ಮರಿಯಮ್ಮನವರ ಸ್ವರೂಪದ ಮುಂದೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ, ಮಾತೆಯು ತನ್ನನ್ನು ನೋಡಿ ಮುಗುಳ್ನಕ್ಕಂತೆ ತೆರೇಸಾಳಿಗೆ ಕಂಡಿತು, ಕಾಯಿಲೆ ಬಿಟ್ಟಿತು.

ಆದರೆ ಗುಣವಾದ ಮೇಲೆ ಇನ್ನೊಂದು ನೋವು ಮೊಳೆಯಿತು. ತಾನು ಬೇಕೆಂದೇ ಕಾಯಿಲೆ ನಟಿಸಿದೆನೇನೋ ಎಂಬ ಶಂಕೆ ಆಕೆಯನ್ನು ಕಾಡತೊಡಗಿತು. ಮಾತೆಯ ನಗುವಿನ ವಿಷಯದಲ್ಲಿ ಸುಳ್ಳು ಹೇಳಿದೆನೇನೋ ಎಂಬ ಅಳುಕೂ ಅದಕ್ಕೆ ಸೇರಿತು. ದೊಡ್ಡಕ್ಕ ಮೇರಿ ಸಮಾಧಾನ ಹೇಳಿದಳು. ಪಾಪನಿವೇದನೆ ಕೇಳಿದ ಗುರುಗಳೂ ಧೈರ್ಯ ಹೇಳಿದರು. ಆದರೂ ಶಂಕೆ ವರ್ಷಗಟ್ಟಲೆ ಉಳಿಯಿತು. ಉತ್ತರ ಸಿಕ್ಕಿದ ಮೇಲೂ ಉಳಿಯುವ ಇಂತಹ ಪ್ರಶ್ನೆಯೇ ಮುಂದೆ ಬರಲಿದ್ದ ಬಿರುಗಾಳಿಯ ಮುನ್ಸೂಚನೆಯಾಗಿತ್ತು.

ಹನ್ನೆರಡನೆಯ ವಯಸ್ಸಿನ ಬಿರುಗಾಳಿ

1884ರ ಮೇ 8ರಂದು ತೆರೇಸಾ ಪ್ರಥಮ ಪರಮಪ್ರಸಾದವನ್ನು ಸ್ವೀಕರಿಸಿದಳು. ಆ ದಿನದ ಆನಂದವನ್ನು ಬಾಳಿನುದ್ದಕ್ಕೂ ಆಕೆ ಮರೆಯಲಿಲ್ಲ. ಒಂದು ವರ್ಷದ ನಂತರ, 1885ರ ಮೇ ತಿಂಗಳಲ್ಲಿ, ಬೆನೆಡಿಕ್ಟೈನ್ ಕನ್ಯಾಸ್ತ್ರೀಯರ ಶಾಲೆಯಲ್ಲಿ ಮಕ್ಕಳಿಗಾಗಿ ಮತ್ತೊಂದು ಧ್ಯಾನಕೂಟ ನಡೆಯಿತು. ಆ ಕಾಲದ ಪದ್ಧತಿಯಂತೆ ಮಾರಕ ಪಾಪವನ್ನು ಕುರಿತು ಭಯ ಹುಟ್ಟಿಸುವ ಪ್ರವಚನಗಳಾದವು. ಉಳಿದ ಹುಡುಗಿಯರು ಅವನ್ನು ಕೇಳಿ ಆಟಕ್ಕೆ ಓಡಿರಬಹುದು. ತೆರೇಸಾಳ ಮನಸ್ಸಿನಲ್ಲಾದರೋ ಆ ಮಾತುಗಳು ಮುಳ್ಳಿನಂತೆ ನಾಟಿಕೊಂಡವು.

ಅಂದಿನಿಂದ ಆಕೆಯ ಪ್ರತಿಯೊಂದು ಆಲೋಚನೆಯೂ ಪ್ರತಿಯೊಂದು ಸಣ್ಣ ಕೆಲಸವೂ ಕಳವಳಕ್ಕೆ ಕಾರಣವಾಯಿತು. ಇದು ಪಾಪವೋ ಅಲ್ಲವೋ, ದೇವರಿಗೆ ನೋವಾಯಿತೋ ಏನೋ ಎಂದು ಮನಸ್ಸು ಗಾಣದ ಎತ್ತಿನಂತೆ ಸುತ್ತಿದಲ್ಲೇ ಸುತ್ತುತ್ತಿತ್ತು. ಒಮ್ಮೆ ಅತ್ತೆಯ ಜೊತೆ ತ್ರೂವಿಲ್ ಎಂಬ ಕಡಲ ತೀರದ ಊರಿಗೆ ಹೋಗಿದ್ದಾಗ, ತಲೆಗೂದಲಿಗೆ ಕಟ್ಟಿಕೊಳ್ಳಲು ಅತ್ತೆ ಆಕಾಶನೀಲಿ ಬಣ್ಣದ ಚೆಂದದ ರಿಬ್ಬನ್ನುಗಳನ್ನು ಕೊಟ್ಟರು. ಅವನ್ನು ತೊಟ್ಟಾಗ ಎಳೆಯ ಹುಡುಗಿಗೆ ಸಂತೋಷವಾಯಿತು. ಆ ಸಂತೋಷವೇ ಪಾಪವೆಂದು ತೋರಿ, ಅದೇ ಊರಿನ ದೇವಾಲಯದಲ್ಲಿ ಆಕೆ ಪಾಪನಿವೇದನೆ ಮಾಡಿದಳು!

ಇಂತಹ ಸ್ಥಿತಿಗೆ ಧರ್ಮಸಭೆಯಲ್ಲಿ ಹಿಂದಿನಿಂದಲೂ ಒಂದು ಹೆಸರಿದೆ. ಲತೀನ್ ಭಾಷೆಯಲ್ಲಿ ಆ ಪದದ ಅರ್ಥ ಸಣ್ಣ, ಚೂಪಾದ ಕಲ್ಲು. ಪಾದರಕ್ಷೆಯೊಳಗೆ ಸೇರಿಕೊಂಡ ಹರಳು ನೋಡುವುದಕ್ಕೆ ಎಷ್ಟು ಚಿಕ್ಕದಾದರೂ ಹೆಜ್ಜೆಹೆಜ್ಜೆಗೂ ನೋಯಿಸುತ್ತದೆ. ಕನ್ನಡದಲ್ಲಿ ನಾವು ಇದನ್ನು ಪಾಪಶಂಕೆ ಎನ್ನೋಣ. ಪಾಪಭೀತಿ ಬೇರೆ, ಪಾಪಶಂಕೆ ಬೇರೆ. ಪಾಪಭೀತಿಯು ಮನುಷ್ಯನನ್ನು ದೇವರ ಬಳಿಗೆ ಒಯ್ಯುತ್ತದೆ. ಪಾಪಶಂಕೆಯು ಪಾಪವಿಲ್ಲದೆಡೆ ಪಾಪವನ್ನು ಕಂಡು ದೇವರ ಮುಖವನ್ನೇ ಮರೆಮಾಡುತ್ತದೆ. ಇದು ತೆರೇಸಾ ಒಬ್ಬಳಿಗೇ ಬಂದ ಸಂಕಟವೂ ಅಲ್ಲ. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಲೊಯೋಲದ ಸಂತ ಇಗ್ನಾಸಿಯವರು ಮಾಡಿದ ಪಾಪನಿವೇದನೆಯನ್ನೇ ಮತ್ತೆ ಮತ್ತೆ ಮಾಡಿ, ಶಾಂತಿ ಸಿಗದೆ, ಪ್ರಾಣ ಕಳೆದುಕೊಳ್ಳುವ ಪ್ರಲೋಭನೆಯವರೆಗೂ ಹೋಗಿದ್ದರು.

ತೆರೇಸಾಳಿಗೆ ತಲೆನೋವು ಕಾಣಿಸಿಕೊಂಡಿತು. ಶಾಲೆಯ ಸಹವಾಸ ಅಸಹನೀಯವಾಯಿತು. 1886ರ ಮೊದಲ ತಿಂಗಳುಗಳಲ್ಲಿ ತಂದೆಯು ಆಕೆಯನ್ನು ಶಾಲೆಯಿಂದ ಬಿಡಿಸಿ, ಊರಿನ ಉಪಾಧ್ಯಾಯಿನಿಯೊಬ್ಬರ ಬಳಿ ಪಾಠಕ್ಕೆ ಕಳುಹಿಸಬೇಕಾಯಿತು.

ದೊಡ್ಡಕ್ಕನ ಆರೈಕೆ

ಈ ದಿನಗಳಲ್ಲಿ ತೆರೇಸಾಳಿಗೆ ಆಸರೆಯಾದವಳು ದೊಡ್ಡಕ್ಕ ಮೇರಿ. ಪ್ರತಿದಿನವೂ ತೆರೇಸಾ ಮನಸ್ಸಿಗೆ ಬಂದುದನ್ನೆಲ್ಲಾ, ಎಷ್ಟೇ ವಿಪರೀತವಾಗಿದ್ದರೂ, ಅಕ್ಕನ ಮುಂದೆ ಸುರಿಯುತ್ತಿದ್ದಳು. ಹೇಳಿದೊಡನೆ ಹೊರೆ ಇಳಿದಂತಾಗುತ್ತಿತ್ತು. ಆದರೆ ಆ ನೆಮ್ಮದಿ ಮಿಂಚಿನಂತೆ ಬಂದು ಮಿಂಚಿನಂತೆ ಮಾಯವಾಗುತ್ತಿತ್ತು. ಸ್ವಲ್ಪ ಹೊತ್ತಿಗೆಲ್ಲಾ ಹೊಸ ಶಂಕೆ ಸಿದ್ಧವಾಗಿರುತ್ತಿತ್ತು. ಸಂತರು ಬಹಳ ವರ್ಷಗಳ ನಂತರ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ ಈ ಅನುಭವವನ್ನು ತಂದೆತಾಯಿಯರು ಗಮನವಿಟ್ಟು ಓದಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಸಮಾಧಾನದ ಮಾತು ಈ ಬೇನೆಯನ್ನು ತಣಿಸುತ್ತದೆ, ಆದರೆ ಗುಣಪಡಿಸುವುದಿಲ್ಲ.

ಮೇರಿ ಮನಶ್ಶಾಸ್ತ್ರ ಓದಿದವಳಲ್ಲ. ಆದರೂ ಪ್ರೀತಿಯೇ ಆಕೆಗೆ ಒಂದು ಉಪಾಯವನ್ನು ಕಲಿಸಿತು. ಪಾಪನಿವೇದನೆಯ ಹಿಂದಿನ ದಿನ ತಂಗಿಯ ಶಂಕೆಗಳು ಉಲ್ಬಣಿಸುವುದನ್ನು ಆಕೆ ಕಂಡುಕೊಂಡಳು. ತಂಗಿ ಹೇಳುವ ಪಾಪಗಳ ಪಟ್ಟಿಯನ್ನೆಲ್ಲಾ ಕೇಳಿ, ಅವುಗಳ ಹೊಣೆಯನ್ನು ತಾನೇ ಹೊರುವೆನೆಂದು ತಿಳಿಸಿ, ಎರಡೋ ಮೂರೋ ತಪ್ಪುಗಳನ್ನು ಮಾತ್ರ ಗುರುಗಳಿಗೆ ಹೇಳಲು ಅನುಮತಿ ಕೊಡುತ್ತಿದ್ದಳು. ತೆರೇಸಾ ಅಕ್ಷರಶಃ ವಿಧೇಯಳಾದಳು. ಅಕ್ಕ ಹೇಳಿದುದಕ್ಕಿಂತ ಒಂದನ್ನೂ ಹೆಚ್ಚು ಹೇಳಲಿಲ್ಲ. ಇದರಿಂದಾಗಿ, ಒಳಗೆ ಇಷ್ಟೊಂದು ಕೋಲಾಹಲವಿದ್ದರೂ, ಪಾಪನಿವೇದನೆ ಕೇಳುತ್ತಿದ್ದ ಗುರುಗಳಿಗೆ ಅದರ ಸುಳಿವೇ ಸಿಗಲಿಲ್ಲ.

ಹೇಳಿಬಿಡಬೇಕೆಂಬ ಒತ್ತಡ ಎಷ್ಟೇ ಇದ್ದರೂ ಹೇಳದೆ ಇರುವುದು, ಶಂಕೆ ಉಳಿದಿರುವಾಗಲೇ ಪರಮಪ್ರಸಾದಕ್ಕೆ ಹೋಗುವುದು: ಇದು ಆ ಹುಡುಗಿಗೆ ಎಷ್ಟು ಕಷ್ಟವಾಗಿದ್ದಿರಬೇಕು! ಆದರೆ ಇಂದಿನ ಚಿಕಿತ್ಸೆಯ ತಿರುಳು ಇದೇ ಎಂಬುದನ್ನು ಮುಂದೆ ನೋಡಲಿದ್ದೇವೆ.

1886ರ ಅಕ್ಟೋಬರ್ 15ರಂದು ಮೇರಿಯೂ ಕಾರ್ಮೆಲ್ ಮಠವನ್ನು ಪ್ರವೇಶಿಸಿದಳು. ಮನದಾಳವನ್ನು ತೋಡಿಕೊಳ್ಳಲು ಇನ್ನು ಯಾರೂ ಉಳಿಯಲಿಲ್ಲ. ಆಗ ತೆರೇಸಾ, ಎಳೆತನದಲ್ಲೇ ಸ್ವರ್ಗ ಸೇರಿದ್ದ ಇಬ್ಬರು ಅಣ್ಣಂದಿರನ್ನೂ ಇಬ್ಬರು ಅಕ್ಕಂದಿರನ್ನೂ ನೆನೆದು, ಮನೆಯ ಕಿರಿಯಳ ಮೇಲೆ ಕರುಣೆ ತೋರುವಂತೆ ಮಗುವಿನ ಸರಳತೆಯಿಂದ ಬೇಡಿಕೊಂಡಳು. ಆ ತಿಂಗಳು ಮುಗಿಯುವುದರೊಳಗೆ ಆಕೆಯ ಮನಸ್ಸಿಗೆ ಶಾಂತಿ ಇಳಿದು ಬಂತು. ಎರಡು ತಿಂಗಳ ನಂತರ, ಕ್ರಿಸ್ಮಸ್ ರಾತ್ರಿಯ ಬಲಿಪೂಜೆ ಮುಗಿಸಿ ಮನೆಗೆ ಬಂದಾಗ, ದಣಿದಿದ್ದ ತಂದೆ ಆಡಿದ ಒಂದು ಬೇಸರದ ಮಾತು ಕಿವಿಗೆ ಬಿತ್ತು. ಎಂದಿನಂತೆ ಅಳುವ ಬದಲು ಕಣ್ಣೀರನ್ನು ನುಂಗಿ, ನಗುತ್ತಾ ತಂದೆಯ ಮುಂದೆ ಉಡುಗೊರೆಗಳನ್ನು ಬಿಚ್ಚಿದಳು. ತನ್ನ ಬಾಲ್ಯ ಅಂದು ಮುಗಿಯಿತೆಂದು ಸಂತರು ಭಾವಿಸಿದರು.

ಪ್ರಾರ್ಥನೆಯಿಂದ ದೊರೆತ ಆ ಶಾಂತಿಯನ್ನು ನಾವು ದೇವರ ವರವೆಂದೇ ನಂಬುತ್ತೇವೆ. ಅದರ ಜೊತೆಗೆ, ತಿಂಗಳುಗಟ್ಟಲೆ ಶಂಕೆಗೆ ಮಣಿಯದೆ ನಡೆದ ಆ ಹುಡುಗಿಯ ವಿಧೇಯತೆಯನ್ನೂ ಅಕ್ಕನ ತಾಳ್ಮೆಯನ್ನೂ ಮರೆಯಬಾರದು. ದೇವರು ಮನುಷ್ಯರ ಕೈಗಳ ಮೂಲಕವೂ ಗುಣಪಡಿಸುತ್ತಾರೆ.

ತಾನು ದಾಟಿದ ಹೊಳೆಯನ್ನು ಇತರರಿಗೆ ದಾಟಿಸಿದಾಕೆ

1888ರ ಏಪ್ರಿಲ್ 9ರಂದು, ಹದಿನೈದನೆಯ ವಯಸ್ಸಿನಲ್ಲಿ, ತೆರೇಸಾರವರು ಲಿಸ್ಯೂವಿನ ಕಾರ್ಮೆಲ್ ಮಠವನ್ನು ಸೇರಿದರು. ಮುಂದಿನ ತಿಂಗಳು ಯೇಸುಸಭೆಯ ಗುರು ಪಿಶೋನ್‌ರವರ ಬಳಿ ಇಡೀ ಬಾಳಿನ ಪಾಪನಿವೇದನೆ ಮಾಡಿದಾಗ, ಆಕೆ ಎಂದೂ ಒಂದೇ ಒಂದು ಮಾರಕ ಪಾಪವನ್ನು ಮಾಡಿಲ್ಲವೆಂದು ಗುರುಗಳು ದೃಢವಾಗಿ ಸಾರಿದರು. 1891ರ ಧ್ಯಾನಕೂಟದಲ್ಲಿ ಫ್ರಾನ್ಸಿಸ್ಕನ್ ಸಭೆಯ ಗುರು ಅಲೆಕ್ಸಿ ಪ್ರೂರವರು, ಆಕೆಯ ಸಣ್ಣಪುಟ್ಟ ಕುಂದುಗಳು ದೇವರನ್ನು ನೋಯಿಸುವುದಿಲ್ಲವೆಂದು ಹೇಳಿ, ಭರವಸೆ ಮತ್ತು ಪ್ರೀತಿಯ ಹಾದಿಯಲ್ಲಿ ಧೈರ್ಯವಾಗಿ ಸಾಗಲು ಬೆಂಬಲವಿತ್ತರು.

ಈ ಎರಡು ಘಟನೆಗಳ ನಡುವೆ ಇನ್ನೊಂದು ಸಂಗತಿ ನಡೆಯಿತು. 1889ರಲ್ಲಿ ಸೋದರಮಾವನ ಮಗಳು ಮೇರಿ ಗೆರಿನ್ ಪ್ಯಾರಿಸ್ ನಗರಕ್ಕೆ ಹೋಗಿದ್ದಳು. ಅವಳಿಗೂ ಪಾಪಶಂಕೆಯ ಬಾಧೆ. ತಾನು ಅಯೋಗ್ಯಳೆಂದು ಹೆದರಿ ಪರಮಪ್ರಸಾದವನ್ನೇ ಬಿಟ್ಟಿದ್ದಳು. ಮೇ 30ರಂದು ಹದಿನಾರು ವರ್ಷದ ತೆರೇಸಾರವರು ಅವಳಿಗೆ ಕಾಗದ ಬರೆದರು. ತಮಗೂ ಆ ಯಾತನೆಯ ಅರಿವಿದೆಯೆಂದು ತಿಳಿಸಿ, ಶಂಕೆಗಳಿಗೆ ಕಿವಿಗೊಡದೆ ಪರಮಪ್ರಸಾದವನ್ನು ಮತ್ತೆ ಮತ್ತೆ ಸ್ವೀಕರಿಸುವಂತೆ ಒತ್ತಾಯಿಸಿದರು. ಶಂಕೆ ಪೂರ್ತಿ ಹೋಗಲಿ, ಆಮೇಲೆ ನೋಡೋಣ ಎಂದು ಅವರು ಬರೆಯಲಿಲ್ಲ. ಶಂಕೆ ಇರುವಾಗಲೇ ಹೆಜ್ಜೆ ಇಡಬೇಕೆಂದರು. ಪದೇ ಪದೇ ಪರಮಪ್ರಸಾದ ಸ್ವೀಕರಿಸುವುದನ್ನು 1905ರಲ್ಲಿ ಪ್ರೋತ್ಸಾಹಿಸಿದ ಜಗದ್ಗುರು ಹತ್ತನೆಯ ಪಿಯುಸ್‌ರವರು 1910ರಲ್ಲಿ ಈ ಕಾಗದವನ್ನು ಓದಿ ಬಹಳವಾಗಿ ಮೆಚ್ಚಿಕೊಂಡರು. ಮೇರಿ ಗೆರಿನ್ 1895ರಲ್ಲಿ ಅದೇ ಮಠವನ್ನು ಸೇರಿದಳು.

ಆ ಕುಟುಂಬ ಹೊತ್ತ ಇನ್ನೊಂದು ಶಿಲುಬೆಯನ್ನೂ ಇಲ್ಲಿ ಸ್ಮರಿಸಬೇಕು. ತಂದೆ ಲೂಯಿ ಮಾರ್ತಿನ್‌ರವರ ಮನಸ್ಸು ವೃದ್ಧಾಪ್ಯದಲ್ಲಿ ಕದಡಿತು. 1889ರ ಫೆಬ್ರವರಿಯಿಂದ 1892ರ ಮೇ ತಿಂಗಳವರೆಗೆ ಕಾನ್ ನಗರದ ಮಾನಸಿಕ ಆಸ್ಪತ್ರೆಯಲ್ಲಿ ಅವರನ್ನು ಇರಿಸಬೇಕಾಯಿತು. ಊರಿನ ಜನ ಆಡಿಕೊಂಡರು. ಹೆಣ್ಣುಮಕ್ಕಳು ಮಠ ಸೇರಿದ್ದೇ ಕಾರಣವೆಂದು ದೂರಿದರು. ಆ ತಂದೆಯನ್ನೂ ತಾಯಿ ಜೆಲಿಯವರನ್ನೂ 2015ರ ಅಕ್ಟೋಬರ್ 18ರಂದು ಧರ್ಮಸಭೆಯು ಸಂತರೆಂದು ಘೋಷಿಸಿತು. ಮಾನಸಿಕ ಆಸ್ಪತ್ರೆಯಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಕಳೆದ ವ್ಯಕ್ತಿ ಇಂದು ಬಲಿಪೀಠದ ಗೌರವಕ್ಕೆ ಪಾತ್ರರಾಗಿದ್ದಾರೆ. ಹೀಗಿರುವಾಗ, ಮನೋವೈದ್ಯರ ಬಾಗಿಲು ತಟ್ಟಲು ನಾವು ನಾಚುವುದೇಕೆ?

ಇಂದಿನ ಮನೆಗಳಿಗೆ ಒಂದು ಮಾತು

ಸಂತ ತೆರೇಸಾರಿಗೆ ಇಂತಹುದೇ ರೋಗವಿತ್ತೆಂದು ನೂರಕ್ಕೂ ಹೆಚ್ಚು ವರ್ಷಗಳ ನಂತರ ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ಆದರೆ ಆಕೆ ವರ್ಣಿಸಿದ ಲಕ್ಷಣಗಳನ್ನು ಮನೋವೈದ್ಯರು ಇಂದು ಚೆನ್ನಾಗಿ ಬಲ್ಲರು. ಗೀಳು ಮನೋರೋಗ ಅಥವಾ ಓಸಿಡಿ ಎಂದು ಕರೆಯುವ ಕಾಯಿಲೆ ಅನೇಕರಲ್ಲಿ ಬಾಲ್ಯದಲ್ಲೋ ಹದಿಹರೆಯದಲ್ಲೋ ಆರಂಭವಾಗುತ್ತದೆ. ಬೇಡವೆಂದರೂ ನುಗ್ಗುವ ಆಲೋಚನೆ ಒಂದು ಕಡೆ. ಅದು ಹುಟ್ಟಿಸಿದ ಭಯವನ್ನು ಇಳಿಸಲು ಮತ್ತೆ ಮತ್ತೆ ಮಾಡುವ ಕೆಲಸ ಇನ್ನೊಂದು ಕಡೆ. ಒಂದು ಮಗು ಗಂಟೆಗಟ್ಟಲೆ ಕೈ ತೊಳೆಯುತ್ತದೆ. ಇನ್ನೊಂದು ಬಾಗಿಲ ಚಿಲಕವನ್ನು ಹತ್ತು ಸಲ ನೋಡುತ್ತದೆ. ಮತ್ತೊಂದು ಮಗು ಜಪಸರದ ಒಂದು ಮಣಿ ತಪ್ಪಿತೆಂದು ಮೊದಲಿನಿಂದ ಆರಂಭಿಸುತ್ತದೆ, ಪಾಪನಿವೇದನೆ ಮುಗಿಸಿ ಹೊರಬಂದವನೇ ಏನೋ ಬಿಟ್ಟುಹೋಯಿತೆಂದು ಮರಳಿ ಸಾಲಿನಲ್ಲಿ ನಿಲ್ಲುತ್ತದೆ. ಮೊದಲಿನ ಇಬ್ಬರನ್ನು ಕಂಡು ನಾವು ಗಾಬರಿಗೊಳ್ಳುತ್ತೇವೆ. ಮೂರನೆಯ ಮಗುವನ್ನು ಮಾತ್ರ ಎಷ್ಟು ಭಕ್ತಿಯೆಂದು ಹೊಗಳುತ್ತೇವೆ! ಈ ಹೊಗಳಿಕೆಯಿಂದಲೇ ಎಷ್ಟೋ ಮಕ್ಕಳ ನೋವು ವರ್ಷಗಟ್ಟಲೆ ಬೆಳಕಿಗೆ ಬರುವುದಿಲ್ಲ.

ಈ ಕಾಯಿಲೆ ಮಗುವಿನ ಹಟವೂ ಅಲ್ಲ, ಸೈತಾನನ ಕಾಟವೂ ಅಲ್ಲ, ತಂದೆತಾಯಿಯರ ತಪ್ಪೂ ಅಲ್ಲ. ವಂಶವಾಹಿಗಳ ಪಾತ್ರವೂ ಮೆದುಳಿನ ಕೆಲವು ಭಾಗಗಳ ಕಾರ್ಯವ್ಯತ್ಯಾಸವೂ ಇದರಲ್ಲಿವೆ. ಇದಕ್ಕೆ ಚಿಕಿತ್ಸೆಯೂ ಇದೆ. ಮುಖ್ಯವಾದುದು ವರ್ತನಾ ಚಿಕಿತ್ಸೆ. ಮಗು ಹೆದರುವ ಸನ್ನಿವೇಶಗಳನ್ನು ಸುಲಭದಿಂದ ಕಷ್ಟದ ಕಡೆಗೆ ಪಟ್ಟಿ ಮಾಡಿ, ತಜ್ಞರ ನೆರವಿನಿಂದ ಒಂದೊಂದನ್ನಾಗಿ ಎದುರಿಸುವುದು. ಎದುರಿಸಿದಾಗ ಗೀಳಿನ ಕೆಲಸವನ್ನು ಮಾಡದೆ ತಡೆದುಕೊಳ್ಳುವುದು. ಹಾಗೆ ತಡೆದಾಗ, ಕಳವಳವಿದ್ದರೂ ಅದನ್ನು ತಾಳಬಲ್ಲೆನೆಂದೂ ಹೆದರಿದ ಕೇಡು ಒದಗಲಿಲ್ಲವೆಂದೂ ಮಗು ಸ್ವತಃ ಕಲಿಯುತ್ತದೆ. ಪಾಪಶಂಕೆಯ ಮಗುವಿನಿಂದ ಪಾಪ ಮಾಡಿಸುವ ಚಿಕಿತ್ಸೆ ಇದಲ್ಲ. ಜಪಸರದ ಮಣಿ ತಪ್ಪಿದರೂ ಮುಂದಕ್ಕೆ ಹೋಗಲು, ಒಮ್ಮೆ ನಿವೇದಿಸಿದ ಪಾಪವನ್ನು ಮತ್ತೆ ನಿವೇದಿಸದಿರಲು ಕಲಿಸುವ ಚಿಕಿತ್ಸೆ. ಎರಡು ಮೂರು ತಪ್ಪುಗಳಿಗಿಂತ ಹೆಚ್ಚು ಹೇಳಕೂಡದೆಂದು ಮೇರಿ ವಿಧಿಸಿದ ಕಟ್ಟಳೆಯನ್ನು ವಾಚಕರು ಇಲ್ಲಿ ನೆನೆಯಬಹುದು.

ಅಗತ್ಯವಿದ್ದಲ್ಲಿ ವೈದ್ಯರು ಸರ್ಟ್ರಲಿನ್, ಫ್ಲುವಾಕ್ಸಮಿನ್ ಮುಂತಾದ ಔಷಧಿಗಳನ್ನು ಕೊಡುತ್ತಾರೆ. ಇವುಗಳ ಪರಿಣಾಮ ತಿಳಿಯಲು ಹಲವು ವಾರಗಳು ಬೇಕು. ಮೊದಲ ವಾರಗಳಲ್ಲಿ ಮಗುವಿನ ಮನಃಸ್ಥಿತಿಯ ಮೇಲೆ ನಿಗಾ ಇಡಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಕೂಡದು. 7ರಿಂದ 17 ವರ್ಷದೊಳಗಿನ 112 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹನ್ನೆರಡು ವಾರಗಳ ನಂತರ, ವರ್ತನಾ ಚಿಕಿತ್ಸೆ ಹಾಗೂ ಸರ್ಟ್ರಲಿನ್ ಎರಡನ್ನೂ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಕಾಯಿಲೆ ಬಹುಮಟ್ಟಿಗೆ ಶಮನವಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಕಾಯಿಲೆಗೆಂದೇ ವಿಶೇಷ ವಿಭಾಗವಿದೆ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿಯೂ ಸಲಹೆ ಪಡೆಯಬಹುದು.

ಮನೆಯವರು ಮಾಡಬೇಕಾದುದೂ ಇದೆ. ಇದು ಪಾಪವೇ ಎಂದು ಮಗು ಇಪ್ಪತ್ತನೆಯ ಬಾರಿ ಕೇಳಿದಾಗ ಇಪ್ಪತ್ತನೆಯ ಬಾರಿ ಉತ್ತರಿಸುವುದು ಪ್ರೀತಿಯಂತೆ ಕಂಡರೂ ಅದು ಗೀಳಿಗೆ ಉಣಿಸಿದಂತೆ. ಹಾಗೆಂದು ಗದರಿಸುವುದೂ ಸಲ್ಲದು. ಚಿಕಿತ್ಸಕರ ಸಲಹೆಯಂತೆ ಉತ್ತರಗಳನ್ನು ಕ್ರಮೇಣ ಕಡಿಮೆ ಮಾಡುತ್ತಾ, ಮಗು ಧೈರ್ಯ ತೋರಿದಾಗಲೆಲ್ಲಾ ಮೆಚ್ಚಬೇಕು. ಪಾಪನಿವೇದನೆಗೆ ಒಬ್ಬರೇ ಗುರುಗಳನ್ನು ಆರಿಸಿಕೊಂಡು, ಅವರಿಗೆ ವಿಷಯವನ್ನು ತಿಳಿಸಬೇಕು. ತೆರೇಸಾಳ ಗುರುಗಳಿಗೆ ಆಕೆಯ ಸಂಕಟ ತಿಳಿದಿರಲಿಲ್ಲ. ನಮ್ಮ ಮಕ್ಕಳ ಗುರುಗಳಿಗಾದರೂ ತಿಳಿದಿರಲಿ. ಮಗುವಿಗೆ ಸಾಯುವ ಆಲೋಚನೆ ಬರುತ್ತಿದ್ದರೆ ಒಂದು ದಿನವೂ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಸಂತ ತೆರೇಸಾರವರು ಕ್ಷಯರೋಗದಿಂದ 1897ರ ಸೆಪ್ಟೆಂಬರ್ 30ರಂದು, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ದೈವಾಧೀನರಾದರು. 1925ರಲ್ಲಿ ಅವರನ್ನು ಸಂತರೆಂದೂ, 1927ರಲ್ಲಿ ಧರ್ಮಪ್ರಚಾರ ಕಾರ್ಯದ ಪಾಲಕರೆಂದೂ, 1997ರಲ್ಲಿ ಧರ್ಮಸಭೆಯ ಪಂಡಿತರೆಂದೂ ಘೋಷಿಸಲಾಯಿತು. ದೇವರ ಕರುಣೆಯಲ್ಲಿ ಅಳುಕಿಲ್ಲದ ಭರವಸೆಯನ್ನು ಜಗತ್ತಿಗೆ ಕಲಿಸಿದ ಈ ಪಂಡಿತೆ, ನೀಲಿ ರಿಬ್ಬನ್ನಿಗಾಗಿ ಸಂತೋಷಪಟ್ಟುದನ್ನೇ ಪಾಪವೆಂದು ಹೆದರಿದ್ದ ಅದೇ ಹುಡುಗಿ. ಹೆದರಿಕೆಯಲ್ಲಿರುವ ನಮ್ಮ ಮಕ್ಕಳಿಗಾಗಿ ಅವರು ದೇವರಲ್ಲಿ ಬಿನ್ನವಿಸಲಿ. ಆ ಮಕ್ಕಳ ನೋವನ್ನು ಗುರುತಿಸುವ ಕಣ್ಣನ್ನು ನಮಗೂ ದಯಪಾಲಿಸಲೆಂದು ಬೇಡಲಿ.